ಕವುಚಿಟ್ಟ ಫೋನುಗಳ ಕಾವಲು

ಬೆಳಿಗ್ಗೆ ಆರೂವರೆಗೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರ ಗೇಟಿನ ಪಕ್ಕ ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಎದುರಿಗೆ ಆಗಲೇ ಉದ್ದದ ಸಾಲು. ನಿಂತವರೆಲ್ಲರ ತಲೆ ಬಗ್ಗಿದೆ, ಎಲ್ಲರ ಹೆಬ್ಬೆರಳೂ ಓಡುತ್ತಿದೆ. ಒಬ್ಬ ಲೋಕಲ್ ಟ್ರೇನಿನಲ್ಲಿ ಅರ್ಧ ನೋಡಿದ ಕ್ರಿಕೆಟ್ ಕ್ಲಿಪ್ ಮುಗಿಸುತ್ತಿದ್ದಾನೆ. ಅವನ ಹಿಂದಿನಾಕೆ ‘ಗ್ಯಾಸ್ ಬಂದ್ ಮಾಡಿದ್ಯಾ?’ ಎಂದು ಮಗಳಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಾಳೆ. ಕಿಟಕಿ ಹತ್ತಿರವಾದಾಗ ಪ್ರತಿಯೊಬ್ಬರೂ ಫೋನನ್ನು ಇನ್ನೊಮ್ಮೆ ನೋಡಿ, ಮಗುವನ್ನು ಬಾಲವಾಡಿಗೆ ಬಿಡುವವರಂತೆ ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ದಾಟಿಸುತ್ತಾರೆ.

ಒಳಗಿನಿಂದ ಚಾಚುವ ಕೈ ವಿನೋದಿನಿಯವರದು. ಐವತ್ತರ ಆಸುಪಾಸಿನ ಈ ಹೆಂಗಸು ಫೋನನ್ನು ಹಿಡಿದುಕೊಳ್ಳುವುದೇ ಕವುಚಿ. ಹಳೆಯ ಯೂನಿಫಾರ್ಮಿನ ಬಟ್ಟೆಯಿಂದ ತಾವೇ ಹೊಲಿದ ಚೀಲದೊಳಗೆ ಅದನ್ನು ಇಳಿಸಿ, ಬಾಯಿಯ ದಾರ ಎಳೆದು, ಗೋಡೆಯ ಗೂಡಿನಲ್ಲಿಟ್ಟು, ಆ ಗೂಡಿನ ನಂಬರಿನ ಬಿಲ್ಲೆಯನ್ನು ಕೊಡುತ್ತಾರೆ. ಔಷಧಿ ಪ್ಯಾಕ್ ಮಾಡುವ ಕಾರ್ಖಾನೆ ಇದು. ಒಳಗೆ ಕ್ಯಾಮೆರಾ ಫೋನ್ ಒಯ್ಯುವ ಹಾಗಿಲ್ಲ. ಊಟದ ಹೊತ್ತಿನಲ್ಲಿ ಒಮ್ಮೆ ಸಿಕ್ಕುವುದು ಬಿಟ್ಟರೆ ನಾನೂರರಷ್ಟು ಜನರ ಫೋನು ಇಡೀ ದಿನ ವಿನೋದಿನಿಯವರ ಬೆನ್ನ ಹಿಂದೆ ಇರುತ್ತದೆ.

ಇರುತ್ತದೆ ಎಂದರೆ ಸುಮ್ಮನಿರುತ್ತದೆ ಎಂದಲ್ಲ. ಶಿಫ್ಟ್ ಶುರುವಾಗಿ ಅರ್ಧ ಗಂಟೆಯಲ್ಲೇ ಗೂಡುಗಳು ಬಾಯಿ ಬಿಡುತ್ತವೆ. ಯಾರದೋ ಮರೆತ ಅಲಾರಂ, ಯಾರದೋ ಭಜನೆಯ ರಿಂಗ್‌ಟೋನ್, ಮತ್ತೆ ಬ್ಯಾಂಕಿನ ಟಿಂಗ್, ಸಂಬಂಧಿಕರ ಗ್ರೂಪಿನ ಗುಡ್ ಮಾರ್ನಿಂಗ್‌ಗಳು. ಈ ಗದ್ದಲದ ನಡುವೆ ಅವರು ಸ್ಟೂಲಿನ ಮೇಲೆ ಕೂತು ಹರಿದ ಚೀಲಗಳಿಗೆ ಹೊಲಿಗೆ ಹಾಕುತ್ತಾರೆ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಸಾಧ್ಯ? ಪಕ್ಕದ ಸೀಟಿನವನ ಸ್ಕ್ರೀನು ಬೆಳಗಿದರೆ ಸಾಕು, ನಮ್ಮ ಕತ್ತು ತಾನಾಗಿ ಅತ್ತ ವಾಲುತ್ತದೆ.

ಒಂದೇ ಫೋನು ಬಿಟ್ಟೂ ಬಿಡದೆ ಹೊಡೆದುಕೊಂಡರೆ ಮಾತ್ರ ಅವರು ಏಳುತ್ತಾರೆ. ಕರೆ ಯಾರದೆಂದು ಆಗಲೂ ನೋಡುವುದಿಲ್ಲ. ಗೂಡಿನ ನಂಬರನ್ನು ಇಂಟರ್‌ಕಾಮಿನಲ್ಲಿ ಹೇಳುತ್ತಾರೆ, ಫೋನಿನ ಒಡೆಯ ಪ್ಯಾಕಿಂಗ್ ಲೈನ್ ಬಿಟ್ಟು ಓಡಿ ಬರುತ್ತಾನೆ, ಚೀಲದ ದಾರವನ್ನು ಅವನೇ ಬಿಚ್ಚುತ್ತಾನೆ. ಅವನು ಮಾತಾಡಿ ಮುಗಿಸುವವರೆಗೆ ವಿನೋದಿನಿ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ.

“ನೋಡ್ಬಾರ್ದು ಅಂತ ಯಾರೂ ನಂಗೆ ಹೇಳ್ಲಿಲ್ಲ” ಎನ್ನುತ್ತಾರೆ ಅವರು. “ನೋಡಿದ್ರೆ ಸಂಜೆ ಅವರ ಮುಖ ನೋಡ್ಲಿಕ್ಕೆ ಆಗ್ಬೇಕಲ್ಲ ಮಾರಾಯ್ರೆ? ಒಬ್ಬನಿಗೆ ಸಾಲದವ್ರು ಫೋನ್ ಮಾಡ್ತಾರೆ, ಒಬ್ಬಳಿಗೆ ಗಂಡ ಬೈದು ಮೆಸೇಜ್ ಹಾಕ್ತಾನೆ. ಅದೆಲ್ಲ ನಂಗೆಂತಕ್ಕೆ?”

ಈ ಬುದ್ಧಿ ಬಂದದ್ದು ಅಪ್ಪನಿಂದ. ಉಡುಪಿ ಕಡೆಯಿಂದ ಬಂದ ಐತ ಅವರು ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹಾಕುತ್ತಿದ್ದವರು. ಕೆಲಸದವರೆಲ್ಲ ಹೋಟೆಲಿನ ಮಾಳಿಗೆಯಲ್ಲೇ ಸಾಲಾಗಿ ಮಲಗುವುದು. ಒಬ್ಬೊಬ್ಬರಿಗೆ ಒಂದೊಂದು ಟ್ರಂಕು. ಎಲ್ಲರ ಬೀಗದ ಕೈಗಳೂ ಬಾಗಿಲ ಪಕ್ಕದ ಒಂದೇ ಮೊಳೆಗೆ ನೇತಾಡುತ್ತಿದ್ದವು, ಏಕೆಂದರೆ ಹಿಟ್ಟು ರುಬ್ಬುವವನ, ಒಲೆಯ ಮುಂದೆ ನಿಲ್ಲುವವನ ಸೊಂಟದಲ್ಲಿ ಕೀಲಿ ನಿಲ್ಲುತ್ತಿರಲಿಲ್ಲ. ಆದರೂ ಇನ್ನೊಬ್ಬನ ಟ್ರಂಕಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಿಂದ ಅಪ್ಪನ ಬಳಿ ಬಂದು ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಹುಡುಗಿ ಅದನ್ನು ದಿನಾ ನೋಡಿದ್ದಳು.

ಮದುವೆಯಾದ ಮೇಲೆ ಕಾಂದಿವಲಿಯ ಚಾಳಿನ ಒಂದು ಕೋಣೆ ಸೇರಿದರು. ಗಂಡ ಸುಕೇಶ್ ನಡೆಸುತ್ತಿದ್ದ ಕ್ಯಾಂಟೀನು ಲಾಕ್‌ಡೌನಿನಲ್ಲಿ ಮುಚ್ಚಿತು, ಈಗ ಅವರು ಕೇಟರಿಂಗಿನವರ ಟೆಂಪೋ ಓಡಿಸುತ್ತಾರೆ. ವಿನೋದಿನಿ ಇದೇ ಕಾರ್ಖಾನೆಯ ಪ್ಯಾಕಿಂಗ್ ಲೈನಿನಲ್ಲಿ ಹಲವು ವರ್ಷ ಡಬ್ಬಿ ಮಡಚಿದವರು. ಬಲಗೈಯ ಮಣಿಕಟ್ಟು ಕೈಕೊಟ್ಟಾಗ ಈ ಕಿಟಕಿ ಸಿಕ್ಕಿತು. ಕಿಟಕಿ ಹೋದರೆ ಲೈನು, ಲೈನಿಗೆ ಆ ಕೈ ಬಾರದು. ಮನೆಯ ಅರ್ಧ ಖರ್ಚು ನಡೆಯುವುದು ಈ ಸ್ಟೂಲಿನಿಂದ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಹಾಗೆಂದು ಫೋನನ್ನು ಕಂಡರಾಗದವರಲ್ಲ. ಅವರ ಬಳಿಯೂ ಒಳ್ಳೆಯ ಫೋನಿದೆ, ಸಂಜೆ ಚಾ ಕುಡಿಯುತ್ತಾ ತುಳು ಕಾಮಿಡಿ ನೋಡಿ ಒಬ್ಬರೇ ನಗುತ್ತಾರೆ. ಒಮ್ಮೆ ಕಾಲೇಜಿಗೆ ಹೋಗುವ ಮಗಳು ಯಕ್ಷಿತಾ ಅಮ್ಮ ಪತ್ರೊಡೆ ಮಾಡುವುದನ್ನು ಅವರಿಗೆ ತಿಳಿಸದೆ ರೀಲ್ ಮಾಡಿ ಹಾಕಿದ್ದಳು. “ಮಮ್ಮಿ, ಲೈಕ್ಸ್ ದೇಖೋ ನಾ, ಎಲ್ಲಾ ಅಚ್ಛಾ ಹೇಳ್ತಾರೆ” ಎಂದಳಂತೆ. ಅಮ್ಮ ಜಗ್ಗಲಿಲ್ಲ, ತೆಗೆಸಿಯೇ ಬಿಟ್ಟರು.

“ಕೇಳಿದ್ದಿದ್ರೆ ನಾನೇ ಒಳ್ಳೆ ಸೀರೆ ಉಟ್ಟು ನಿಲ್ತಿದ್ದೆ” ಎಂದು ನಗುತ್ತಾರೆ. ಸುದ್ದಿಗಳ ವಿಷಯದಲ್ಲೂ ಅವರದು ಇದೇ ಧಾಟಿ, ನೇರ ಕೇಳಿ ತಿಳಿಯದೆ ನಂಬುವುದಿಲ್ಲ. ನಾನೂರು ಫೋನೂ ಒಟ್ಟಿಗೆ ಗುಂಯ್‌ಗುಟ್ಟಿದರೆ ಊರಲ್ಲಿ ಏನೋ ಆಗಿದೆ ಎಂದು ಅವರಿಗೆ ಗೊತ್ತಾಗುತ್ತದೆ. “ಲೋಕಲ್ ಬಂದ್ ಅಂತ ನಂಗೂ ಮೆಸೇಜ್ ಬಂತು ಅಂತಿಟ್ಕೊಳ್ಳಿ. ನಾನು ಸ್ಟೇಶನ್ನಿನ ಹತ್ರ ಹೂ ಮಾರುವವಳಿಗೆ ಒಂದು ಫೋನ್ ಮಾಡ್ತೇನೆ. ಅವಳ ಕಣ್ಣೆದುರಿಗೇ ಟ್ರೇನ್ ಹೋಗ್ತಾ ಇರ್ತದೆ. ಸುಮಾರು ಸಲ ಹಾಗೇ ಆಗಿದೆ.”

ಪರೀಕ್ಷೆ ಬಂದದ್ದು ಕಳೆದ ವರ್ಷ. ಕ್ಯಾಂಟೀನಿನ ಕುಡಿಯುವ ನೀರಿನ ಟ್ಯಾಂಕಿನೊಳಗೆ ಪಾಚಿ ಕಟ್ಟಿದ್ದ ಫೋಟೋವನ್ನು ಊಟದ ಹೊತ್ತಿನಲ್ಲಿ ಯಾರೋ ತೆಗೆದರು. ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ, ಬಡಾವಣೆಯ ಸುದ್ದಿ ಪೇಜೊಂದರಲ್ಲಿ ಕಾರ್ಖಾನೆಯ ಹೆಸರಿನ ಸಮೇತ ಬಂತು. ಟ್ಯಾಂಕು ಎರಡೇ ದಿನಕ್ಕೆ ತೊಳೆಸಿಕೊಂಡಿತು, ಅದು ಬೇರೆ ಮಾತು. ಮೇಲಿನವರಿಗೆ ಬೇಕಿದ್ದದ್ದು ಫೋಟೋ ತೆಗೆದವನ ಹೆಸರು.

ಸಿಬ್ಬಂದಿ ವಿಭಾಗದ ಜಯಸಿಂಹ ಕಿಟಕಿಯ ಬಳಿ ಬಂದರು. ಮೈಸೂರಿನ ಕಡೆಯವರು, ಮೆತ್ತಗಿನ ಮನುಷ್ಯ, ಮೇಲಿನಿಂದ ಒತ್ತಡವಿತ್ತು. “ಓದಿ ಅಂತ ಹೇಳ್ತಿಲ್ಲ ವಿನೋದಿನಿಯವರೇ. ಚೀಲದಿಂದ ತೆಗೆದು ಮೇಲ್ಮುಖ ಇಡಿ. ಫೋಟೋ ಮೊದಲು ಬಂದ ಕೆಲಸದವರ ಗ್ರೂಪಿನಿಂದ ಮೆಸೇಜ್ ಬಂದಾಗ ಯಾರ್ಯಾರ ಫೋನ್ ಬೆಳಗುತ್ತೆ ಅಷ್ಟು ನೋಡಿದ್ರೆ ಸಾಕು” ಎಂದರು.

ವಿನೋದಿನಿ ಹೊಲಿಯುತ್ತಿದ್ದ ಚೀಲವನ್ನು ಕೆಳಗಿಟ್ಟರು. ಹೂಂ ಅಂದರೆ ಸ್ಟೂಲು ಉಳಿಯುತ್ತದೆ. ಯಾರಿಗೂ ತಿಳಿಯುವುದೂ ಇಲ್ಲ.

“ಆಯ್ತು ಸರ್” ಎಂದರು ಅವರು. “ಇಲ್ಲಿ ಕೊಟ್ಟ ಫೋನನ್ನು ನೋಡ್ಲಿಕ್ಕುಂಟು ಅಂತ ಕಿಟಕಿ ಮೇಲೆ ಒಂದು ಬೋರ್ಡ್ ಹಾಕಿ. ಅದನ್ನು ಓದಿಯೂ ಯಾರು ಕೊಡ್ತಾರೋ ಅವರದ್ದು ನೋಡ್ತೇನೆ.”

ಅಂಥ ಬೋರ್ಡ್ ಹಾಕುವುದುಂಟೇ? ಜಯಸಿಂಹ ಹೊರಟುಹೋದರು. ಮರುವಾರ ವಿನೋದಿನಿ ಪ್ಯಾಕಿಂಗ್ ಲೈನಿನಲ್ಲಿದ್ದರು. ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಡಬ್ಬಿ ಮಡಚಿದರು, ಮನೆಗೆ ಬಂದರೆ ಚಪಾತಿ ಲಟ್ಟಿಸಲೂ ಆಗದೆ ಆ ಕೆಲಸ ಸುಕೇಶ್ ಪಾಲಿಗೆ ಬಂತು.

ಕಿಟಕಿಗೆ ಸೆಕ್ಯುರಿಟಿ ಏಜೆನ್ಸಿಯ ಪ್ರಶಾಂತ ಎಂಬವನನ್ನು ತಂದು ಕೂರಿಸಿದರು. ಅವನು ಚೀಲಗಳನ್ನು ಮೂಲೆಗೆ ಒಟ್ಟಿ, ಫೋನುಗಳನ್ನು ಮೇಲ್ಮುಖವಾಗಿ ಟ್ರೇಯಲ್ಲಿ ಜೋಡಿಸತೊಡಗಿದ. ಕೆಲಸದವರೇನು ಕಣ್ಣು ಮುಚ್ಚಿಕೊಂಡಿರುತ್ತಾರೆಯೇ? ಮೂರನೇ ದಿನಕ್ಕೆ ಎಲ್ಲರೂ ಸಾಲಿನಲ್ಲೇ ಫೋನ್ ಸ್ವಿಚ್ ಆಫ್ ಮಾಡಿ ಕೊಡಲಾರಂಭಿಸಿದರು. ಗೂಡುಗಳು ಸದ್ದಿಲ್ಲದಾದವು. ಒಂದು ಹೆಸರೂ ಸಿಗಲಿಲ್ಲ.

ಒಂದು ಬೆಳಿಗ್ಗೆ ಲೋಡಿಂಗ್ ವಿಭಾಗದ ದಾನಪ್ಪನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಅಕ್ಕಪಕ್ಕದ ಹೆಂಗಸರು ರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಗಂಡನ ಫೋನು ಬಂದ್. ಊಟದ ಗಂಟೆ ಹೊಡೆದು ಫೋನ್ ಆನ್ ಮಾಡಿದಾಗ ದಾನಪ್ಪನಿಗೆ ಸಾಲುಸಾಲು ಮಿಸ್ಡ್ ಕಾಲ್ ಕಂಡವು. ತಾಯಿ, ಮಗು ಇಬ್ಬರೂ ಉಳಿದರು, ಪುಣ್ಯ. ಮರುದಿನ ಆತ ನೇರ ಜಯಸಿಂಹರ ಕ್ಯಾಬಿನ್ನಿಗೆ ಹೋದ.

“ಅಕ್ಕಾರು ಕಿಟಕ್ಯಾಗ ಇದ್ದಾಗ ನಾ ಎಂದೂ ಫೋನ್ ಬಂದ್ ಮಾಡಿಲ್ರೀ ಸಾಹೇಬ್ರ” ಎಂದನಂತೆ. “ಅವ್ರು ಕರದಿದ್ರ ನಾ ಹತ್ತು ಗಂಟೇಕ್ಕ ದವಾಖಾನ್ಯಾಗ ಇರ್ತಿದ್ದೆ. ನನ್ನ ಹೇಣ್ತಿ ಒಬ್ಬಾಕಿನ ಒಳಗ ಹೋದಳ್ರೀ.”

ಜಯಸಿಂಹರಿಗೆ ಅದು ನಾಟಿತು. ಮೇಲಿನವರೊಂದಿಗೆ ಏನು ಮಾತಾಡಿದರೋ, ಆ ವಾರವೇ ಲೈನಿಗೆ ಬಂದು, “ನಾಳೆಯಿಂದ ಕಿಟಕಿಗೆ ಹೋಗಿ, ನಿಮ್ಮ ಪದ್ಧತೀಲೇ ಇಡಿ” ಎಂದರು. ಮಾರನೆಯ ಬೆಳಿಗ್ಗೆ ಆ ಕೈಯನ್ನು ಕಂಡವರ ಮುಖದಲ್ಲಿ ಮೂಡಿದ ನಿರಾಳವನ್ನು ವಿನೋದಿನಿ ಇವತ್ತಿಗೂ ನೆನೆಯುತ್ತಾರೆ. ಸ್ವಿಚ್ ಆಫ್ ಮಾಡಿದ್ದ ಫೋನುಗಳನ್ನು ಸಾಲಿನಲ್ಲೇ ಒಬ್ಬೊಬ್ಬರಾಗಿ ಆನ್ ಮಾಡಿ ಕೊಟ್ಟರಂತೆ.

ದೊಡ್ಡ ಆಸೆಗಳು ಅವರಿಗಿಲ್ಲ. ಬೇಸಗೆಯಲ್ಲಿ ಗೂಡಿನ ಕೋಣೆ ಕಾದ ಕಾವಲಿಯಂತಾಗುತ್ತದೆ, ಫ್ಯಾನು ಇನ್ನೊಂದು ಬೇಕು. “ನಂಗಲ್ಲ, ಬಿಸಿಗೆ ಬ್ಯಾಟರಿ ಉಬ್ಬುತ್ತದೆ” ಎಂದು ಸಮಜಾಯಿಷಿ ಕೊಡುತ್ತಾರೆ.

ಈ ಮಳೆಗಾಲದಲ್ಲಿ ಒಂದು ದಿನ ಜಯಸಿಂಹರೇ ಸಾಲಿನಲ್ಲಿ ನಿಂತಿದ್ದರು. ಒಳಗೆ ಆಡಿಟ್, ಅಧಿಕಾರಿಗಳೂ ಫೋನ್ ಒಪ್ಪಿಸಬೇಕು. ಮೈಸೂರಿನಲ್ಲಿ ಅವರ ತಾಯಿಗೆ ಆಪರೇಶನ್ ನಡೆಯುತ್ತಿತ್ತು. “ಮೆಸೇಜ್ ಬಂದ್ರೆ ನೀವೇ ತೆಗೆದು ನೋಡಿಬಿಡಿ. ಪಿನ್ ಹೇಳ್ತೀನಿ, ಎರಡು…” ಎಂದು ಶುರು ಮಾಡಿದರು.

“ಬೇಡ ಸರ್, ಹೇಳ್ಬೇಡಿ” ಎಂದು ವಿನೋದಿನಿ ತಡೆದರು. “ಬೆಲ್ ಆದ್ರೆ ನಾನೇ ಬಂದು ಕರೀತೇನೆ.”

ಮಧ್ಯಾಹ್ನದ ಮೊದಲು ಆ ಚೀಲ ಬಿಡದೆ ಹೊಡೆದುಕೊಂಡಿತು. ಇಂಟರ್‌ಕಾಮಿಗೆ ಕಾಯದೆ, ಚೀಲವನ್ನೇ ಕೈಯಲ್ಲಿ ಹಿಡಿದು ಪ್ಯಾಕಿಂಗ್ ಹಾಲಿನ ಬಾಗಿಲವರೆಗೆ ಓಡಿದರು. ಜಯಸಿಂಹ ದಾರ ಬಿಚ್ಚಿದರು. ವಿನೋದಿನಿ ಗೋಡೆಯ ಕಡೆ ತಿರುಗಿ ನಿಂತರು.

ಮಾತು ಮುಗಿದ ಮೇಲೆ ಹಿಂದಿನಿಂದ ದನಿ ಬಂತಂತೆ. “ಅಮ್ಮ ಕಣ್ಣು ಬಿಟ್ಟರಂತೆ, ವಿನೋದಿನಿಯವರೇ.”

“ಇಲ್ಲಿ ಮನೆಯವ್ರಿಗೂ ಅವರಿನ್ನೂ ಫೋನ್ ಮಾಡಿರ್ಲಿಲ್ಲ” ಎನ್ನುವಾಗ ವಿನೋದಿನಿಯವರ ಕಣ್ಣು ಒದ್ದೆಯಾಗುತ್ತದೆ. “ಮೊದಲು ನಂಗೆ ಹೇಳಿದ್ರು. ನಾನು ಯಾರದ್ದನ್ನೂ ನೋಡುವುದಿಲ್ಲ ನೋಡಿ. ಅದಕ್ಕೇ ಎಲ್ಲರೂ ಅವರಾಗಿಯೇ ಬಂದು ಹೇಳ್ತಾರೆ.”