ನಾನು ಮಾಡಿದ ವಂದನಾರ್ಪಣೆ

ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಮೊಮ್ಮಗಳು ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಕೈಯಲ್ಲಿ ಲಟ್ಟಣಿಗೆ, ಅದೇ ಅವಳ ಮೈಕು. ಸ್ವಾಗತಕ್ಕೊಂದು ಭಾಷಣ, ವಿಷಯ ತಿಳಿಸುವುದಕ್ಕೊಂದು, ನಗಿಸುವುದಕ್ಕೊಂದು, ವಾದ ಗೆಲ್ಲುವುದಕ್ಕೊಂದು ಎಂದು ಮೇಷ್ಟರು ಹೇಳಿಕೊಟ್ಟಿದ್ದಾರಂತೆ. ನನ್ನ ಹಿಗ್ಗನ್ನೇನು ಹೇಳಲಿ! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಮಗ್ಗದ ಗುಣಿಗೆ ಇಳಿದವನ ಮನೆಯಲ್ಲಿ ಇಂಥ ಗಂಟಲು ಹುಟ್ಟಿದೆ. ಆದರೂ ಆ ಲಟ್ಟಣಿಗೆ ನೋಡುತ್ತಾ ನೋಡುತ್ತಾ ನನಗೆ ಹಳೆಯದೊಂದು ಸಭೆ ನೆನಪಾಯಿತು.

ಕೊಳ್ಳೇಗಾಲದಲ್ಲಿ ಒಂದು ಕಾಲಕ್ಕೆ ನನಗೂ ಭಾಷಣಕಾರನೆಂಬ ಹೆಸರಿತ್ತು ಎಂದರೆ ನೀವು ನಗುತ್ತೀರಿ. ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ನಮ್ಮ ಬೀದಿಯ ಯುವಕರ ಸಂಘದಲ್ಲಿ ಏನು ಸಮಾರಂಭವಾದರೂ ವಂದನಾರ್ಪಣೆ ನನ್ನದು. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ದೊಡ್ಡದಾಗಿತ್ತು, ಅಷ್ಟೇ ನನ್ನ ಅರ್ಹತೆ. ಅಧ್ಯಕ್ಷರಿಂದ ಹಿಡಿದು ಬೆಂಚು ಕೊಟ್ಟವರವರೆಗೆ ಒಬ್ಬರನ್ನೂ ಬಿಡದೆ ನೆನೆಯುತ್ತಿದ್ದೆ. ಮುಳ್ಳೂರಿನವರು ಒಮ್ಮೆ ಕರೆಸಿಕೊಂಡಿದ್ದರು, ಬರೀ ವಂದಿಸುವುದಕ್ಕೆ!

ಆಗ ಮನೆಮನೆಗೆ ರೇಷ್ಮೆ ಕೊಟ್ಟು ಸೀರೆ ನೇಯಿಸುವ ಯಜಮಾನರೊಬ್ಬರಿದ್ದರು. ಒಂದು ಮಳೆಗಾಲದಲ್ಲಿ ನಮ್ಮಣ್ಣ ನೇಯ್ದ ಸೀರೆ ಅವರ ತಕ್ಕಡಿಯಲ್ಲಿ ಕೊಟ್ಟ ನೂಲಿಗಿಂತ ಹಗುರಾಯಿತು. ಅಣ್ಣ ನೂಲು ಕದ್ದನೆಂದು ಮಾತಾಯಿತು. ಆ ನೂಲನ್ನು ಅವರ ಮನೆಯಿಂದ ಹೆಗಲ ಮೇಲೆ ಹೊತ್ತು ತಂದವನು ನಾನೇ. ಬಣ್ಣ ಹಾಕಿ ಸರಿಯಾಗಿ ಒಣಗಿಸಿರಲಿಲ್ಲ. ನನ್ನ ಟವೆಲ್ಲೇ ಒದ್ದೆಯಾಗಿತ್ತು. ಹಸಿ ನೂಲು ಒಣಗಿದರೆ ತೂಕ ಇಳಿಯುವುದು ನೇಯುವವರಿಗೆಲ್ಲ ಗೊತ್ತು. ಆದರೆ ಅದು ಹಸಿಯಿತ್ತು ಎನ್ನಲು ನಾನೊಬ್ಬನೇ ಸಾಕ್ಷಿ.

ಬೀದಿಯ ಹಿರಿಯರ ನ್ಯಾಯ ಸೇರಿತು. ನಮ್ಮಲ್ಲಿ ತಟ್ಟೆಯಿಂದ ವೀಳ್ಯದೆಲೆ ಎತ್ತಿದವನಿಗೆ ಮಾತ್ರ ಮಾತು, ಅದೂ ಒಂದೇ ಸಲ. ಆಪಾದನೆ ಹೊತ್ತವನು ಎಲೆ ಮುಟ್ಟುವ ಹಾಗಿಲ್ಲ. ಹೊರಡುವಾಗ ಅಣ್ಣ, “ನಿನ್ ಬಾಯಿ ಊರ್ಗೆಲ್ಲ ಗೊತ್ತು ಕಣ್ಲಾ. ನೂಲು ಅಸಿ ಇತ್ತು ಅಂತ ಒಂದ್ ಮಾತ್ ಯೋಳ್ಬುಡು, ಸಾಕು,” ಎಂದಿದ್ದ.

ಎಲೆ ಎತ್ತಿದೆ. ಎಷ್ಟೊಂದು ಮುಖ! ನಡುವೆ ಯಜಮಾನರು. ಬಾಯಿ ತಾನಾಗಿ ತೆರೆಯಿತು: “ಸಭೆಗೆ ಶೋಭೆ ತಂದಿರುವ ಯಜಮಾನರೇ…” ಅವರ ದೊಡ್ಡ ಮನಸ್ಸನ್ನು ನೆನೆದೆ, ಹಿರಿಯರನ್ನು ನೆನೆದೆ, ಚಾಪೆ ಹಾಸಿದವರನ್ನೂ ನೆನೆದೆ. ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ ಎಂದು ಕೂತೇಬಿಟ್ಟೆ. ಚಪ್ಪಾಳೆ ಬಿತ್ತು. ಆಗ ಅಣ್ಣನ ಮುಖ ಕಂಡಿತು. ದಡಬಡನೆ ಎದ್ದು ಮತ್ತೆ ಎಲೆಗೆ ಕೈ ಹಾಕಿದೆ.

“ಆಯ್ತಲ್ಲಪ್ಪ ನಿಂದು, ಚೆಂದಾಗೇ ಮಾತಾಡ್ದೆ,” ಎಂದು ಹಿರಿಯರೊಬ್ಬರು ತಟ್ಟೆ ಸರಿಸಿದರು.

ಅಣ್ಣನ ಮಗ್ಗ ಬಿಚ್ಚಿಸಿದರು. ಬೀದಿಯಲ್ಲಿ ಯಾರೂ ಅವನಿಗೆ ನೂಲು ಕೊಡಲಿಲ್ಲ. ಹೂಗ್ಯಂ ಕಡೆ ಕಲ್ಲು ಒಡೆಯಲು ಹೋದ. ನೋಡಲು ಹೋದಾಗ ಬಿರುಕು ಬಿಟ್ಟ ಅಂಗೈ ತೋರಿಸಿ, “ಇನ್ನು ಈ ಕೈಗೆ ರೇಸ್ಮೆ ಮುಟ್ಟುದ್ರೆ ಸಿಕ್ಕಾಕತದೆ ಕಣ್ಲಾ,” ಎಂದು ನಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಳ್ಳನೆಂಬ ಹೆಸರು ಹೊತ್ತೇ ಅಲ್ಲಿ ಸತ್ತ. ಅಂದಿನಿಂದ ನಾನು ಯಾರನ್ನೂ ವಂದಿಸಿಲ್ಲ.

“ತಾತ, ಈಗ ನಿನ್ ಸರದಿ,” ಎಂದು ಮೊಮ್ಮಗಳು ಲಟ್ಟಣಿಗೆ ಚಾಚಿದಳು. ಹಿಡಿದುಕೊಂಡೆ.

“ನೂಲು ಅಸಿ ಇತ್ತು,” ಎಂದೆ.

“ಅಷ್ಟೇನಾ? ಇದ್ ಯಾವ್ ತರ ಭಾಷಣ ತಾತ?” ಕಿಲಕಿಲ ನಗುತ್ತಾ ಚಪ್ಪಾಳೆ ತಟ್ಟತೊಡಗಿದಳು. ನಾನು ಆ ಪುಟ್ಟ ಕೈಗಳೆರಡನ್ನೂ ಹಿಡಿದು ನಿಲ್ಲಿಸಿದೆ.

“ತಟ್ಬ್ಯಾಡ ಕಣವ್ವ. ಕೂತ್ಕೋ, ಯೋಳ್ತೀನಿ.”