ನಿಲ್ಲಿಸಿದರೆ ಪೆಟ್ಟು

ಮೊನ್ನೆ ಶಿರಸಿಯ ನಮ್ಮ ಬಾಡಿಗೆ ಮನೆಯಲ್ಲಿ ಮಗಳಿಗೆ ಹೋಮ್‌ವರ್ಕ್ ಮಾಡಿಸುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಯಾರೋ ಟ್ಯೂಬಿಗೆ ಬಿಸಿ ಪ್ಯಾಚ್ ಹಾಕುತ್ತಿದ್ದರು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ನನ್ನ ಎಡಗೈ ತಾನಾಗಿ ಮುದುಡಿತು...

ಯಲ್ಲಾಪುರದ ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದ ನೆರೆಮನೆಯವನನ್ನು ನಾನು ಮಾಮ ಎನ್ನುತ್ತಿದ್ದೆ. ನನ್ನ ಅಮ್ಮ, ಆಯಿ, ನರ್ಸರಿಯಲ್ಲಿ ಸಸಿ ಚೀಲಕ್ಕೆ ಮಣ್ಣು ತುಂಬುವ ಕೂಲಿ. ನಾನಾಗ ಆರನೇ ಇಯತ್ತೆ. "ಈ ಸಲ ಫೇಲಾದ್ರೆ ಶಾಲೆ ಸಾಕು, ನನ್ ಸಂಗ್ತಿಗೆ ಮಣ್ಣು ತುಂಬೂಕೆ ಬಾ" ಎಂದಿದ್ದಳು. ಮಾಮನಿಗೂ ಹೇಳಿದ್ದಳು: "ಅಣ್ಣಾ, ನಾಕು ಬಾರಿಸಿಯಾದ್ರೂ ಓದ್ಸು."

ಮಾಮನಿಗೆ ಅಕ್ಷರ ಬರುತ್ತಿರಲಿಲ್ಲ. ಓದು ನಿಂತರೆ ತಪ್ಪು, ಓಡಿದರೆ ಸರಿ... ಇಷ್ಟೇ ಅವನಿಗೆ ಗೊತ್ತು. ನಾನು ಗಟ್ಟಿಯಾಗಿ ಓದಬೇಕು, ಅವನು ಟೈರು ಬಿಚ್ಚುತ್ತ ಕೇಳಬೇಕು. ತಡವರಿಸಿದೆನೋ, ಹಳೇ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ಬೀಸಿ ಬರುತ್ತಿತ್ತು. ನಾನೇನು ಕಡಿಮೆ? ಬಾರದ ಕಡೆ ಬಾಯಿಗೆ ಬಂದದ್ದನ್ನು ಸೇರಿಸಿ ನಿಲ್ಲದೆ ಓದತೊಡಗಿದೆ. ಮಾಮ ಖುಷಿಯಿಂದ ತಲೆಯಾಡಿಸುತ್ತಿದ್ದ.

ಒಂದು ಸಂಜೆ ಹುಬ್ಬಳ್ಳಿ ಕಡೆಯ ಲಾರಿ ಡ್ರೈವರನೊಬ್ಬ ನನ್ನ ಹಿಂದೆ ನಿಂತು ಪುಸ್ತಕಕ್ಕೆ ಇಣುಕಿದ. ಹೊಟ್ಟೆ ಹಿಡಿದು ನಕ್ಕ. "ಏ ಮಾಮಾ, ಪುಸ್ತಕದಾಗ ಏನೈತಿ, ಇಕಿ ಏನ್ ಓದಾಕತ್ತಾಳ! ನಿನಗ ಚಲೋ ಟೋಪಿ ಹಾಕ್ಯಾಳ ನೋಡ!"

ಪಟ್ಟಿ ಕೈ ಮೇಲೆ ಬಿತ್ತು, ಬೆನ್ನ ಮೇಲೆ, ಕಿವಿಯ ಮೇಲೆ. ಎಡಗೈ ಸೀಳಿ ರಕ್ತ ಪುಸ್ತಕಕ್ಕೆ ಹನಿಯಿತು. ನಗುತ್ತಿದ್ದ ಡ್ರೈವರನೇ ಬಿಡಿಸಲು ಬಂದು ಎರಡು ತಿಂದ. ಕೆಲಸ ಮುಗಿಸಿ ಬಂದ ಆಯಿ ಏನಾಯಿತೆಂದೂ ಕೇಳಲಿಲ್ಲ. ಟೈರು ಬಿಚ್ಚುವ ಕಬ್ಬಿಣ ಎತ್ತಿ ಮಾಮನ ಮುಖಕ್ಕೆ ಬೀಸಿದಳು. ಹುಬ್ಬು ಒಡೆಯಿತು.

"ಹೊಡಿ ಅಂದಿದ್ದೆ, ಕೊಲ್ಲು ಅಂದಿದ್ನಾ?"

ಮಾಮ ಕೈ ಎತ್ತಲಿಲ್ಲ. ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುತ್ತ, "ಓದೂಕೆ ಬರದವ್ನ ಹತ್ರ ಬಿಟ್ಯಲ್ಲೆ ತಂಗಿ... ನಂಗೆಂತ ಗೊತ್ತು?" ಎಂದ.

ಆಯಿ ನನ್ನನ್ನು ಮತ್ತೆ ಅಲ್ಲಿಗೇ ಕಳಿಸಿದಳು. ಬೇರೆ ಯಾರಿದ್ದರು? ಆದರೆ ಪದ್ಧತಿ ಬದಲಾಗಿತ್ತು. ಪ್ಯಾಚ್ ಆರುವವರೆಗೆ ಓದು ಬಲ್ಲ ಡ್ರೈವರ್ ನನ್ನ ಪುಸ್ತಕ ಹಿಡಿದು ಪಾಠ ಕೇಳಬೇಕು. ಒಲ್ಲೆ ಎಂದವನ ಚಕ್ರವನ್ನು ಮಾಮ ಕೂರಿಸುತ್ತಿರಲಿಲ್ಲ. ಡ್ರೈವರ್ ತಪ್ಪು ಎಂದರೆ ಪಟ್ಟಿ ಆಗಲೂ ಏಳುತ್ತಿತ್ತು. ನಾನು ಪಾಸಾದೆ. ಶಾಲೆ ಉಳಿಯಿತು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಪೆಟ್ಟು ತಿಂದದ್ದಕ್ಕೇ ಕಲಿತೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಡಿಗ್ರಿ ರಿಸಲ್ಟ್ ಬಂದ ದಿನ ಬಸ್ಸು ಅವನ ಅಂಗಡಿಯೆದುರೇ ನಿಧಾನವಾಯಿತು. "ಪಾಸೇನೇ?" ಎಂದು ಮಾಮ ಕೂಗಿದ. ನಾನು ಕಿಟಕಿಯ ಗಾಜು ಎಳೆದು ಮುಚ್ಚಿದೆ. ಮುಂದಿನ ವರ್ಷ ಅವನು ಸತ್ತ...

ಅವತ್ತು ನಾನು ಒಮ್ಮೆ ತಲೆಯಾಡಿಸಿದ್ದರೂ ಸಾಕಿತ್ತು. ಆಡಿಸಲಿಲ್ಲ. ನನ್ನ ಸಿಟ್ಟು ಇನ್ನೂ ಹಾಗೇ ಇದೆ. ಹೋಗಿ ಎದುರು ನಿಂತು ಜಗಳ ತೆಗೆಯೋಣವೆಂದರೆ ಮಾಮನೇ ಇಲ್ಲ.