ಎರಡು ಚೌಕಟ್ಟುಗಳ ನಡುವಿನ ಸಂದು

ನಮ್ಮ ಮುಖ್ಯಸ್ಥರನ್ನು ನೆನೆದರೆ ನನಗೆ ಇವತ್ತಿಗೂ ಜಿಗುಪ್ಸೆಯಾಗುತ್ತದೆ. ಚಳ್ಳಕೆರೆಯಾಚೆಯ ಬಯಲಿನಲ್ಲಿರುವ ಪ್ರಯೋಗಾಲಯದಲ್ಲಿ ಅವರ ಕೈಕೆಳಗೆ ನಾನು ಎಂಜಿನಿಯರ್. ಕ್ವಾಂಟಂ ಕಂಪ್ಯೂಟರಿಗಾಗಿ ಒಂದೇ ಒಂದು ಅಯಾನನ್ನು, ಅಂದರೆ ವಿದ್ಯುದಾವೇಶವಿರುವ ಪರಮಾಣುವನ್ನು, ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ತೇಲಿಸಿ ನಿಲ್ಲಿಸುವುದು ನಮ್ಮ ಕೆಲಸ. ಪೆಟ್ಟಿಗೆ ವಿಪರೀತ ತಣ್ಣಗಿರಬೇಕು. ತಣ್ಣಗೆ ಮಾಡುವ ಯಂತ್ರವೋ, ಒರಳಿಗೆ ಒನಕೆ ಬಿದ್ದಂತೆ ಸದಾ ಕುಟ್ಟುತ್ತಿರುತ್ತದೆ. ಆ ಕುಟ್ಟು ಪೆಟ್ಟಿಗೆಗೆ ತಾಗಿದರೆ ಅಯಾನಿಗೆ ಹಿಡಿದ ಲೇಸರ್ ಕಿರಣ ಗುರಿ ತಪ್ಪುತ್ತದೆ, ಲೆಕ್ಕವೆಲ್ಲ ಕೆಡುತ್ತದೆ.

ಅದಕ್ಕೇ ಯಂತ್ರಕ್ಕೊಂದು, ಪೆಟ್ಟಿಗೆಗೊಂದು ಬೇರೆ ಬೇರೆ ಚೌಕಟ್ಟು ಕಟ್ಟಿಸಿದ್ದೆ. ನಡುವೆ ಬೆರಳು ತೂರುವಷ್ಟು ಸಂದು. ಯಂತ್ರದ ಮೂತಿ ಪೆಟ್ಟಿಗೆಯೊಳಗೆ ಇಳಿದರೂ ಎಲ್ಲೂ ತಾಗುವುದಿಲ್ಲ; ಹೀಲಿಯಂ ಅನಿಲ ತಂಪನ್ನು ದಾಟಿಸುತ್ತದೆ, ಅನಿಲ ಸೋರದಂತೆ ಮೂತಿಯ ಸುತ್ತಲಿನ ಮೆತ್ತನೆಯ ರಬ್ಬರ್ ಕೊಳವೆ ತಡೆಯುತ್ತದೆ. ಪರದೆಯ ಮೇಲೆ ಅಯಾನು ಸಾಸಿವೆಯಷ್ಟು ಬೆಳಕಾಗಿ ಕದಲದೆ ನಿಂತ ದಿನ ಬಿ.ಜಿ. ಕೆರೆ ಊರಿನಲ್ಲಿದ್ದ ಅವ್ವನಿಗೆ ಫೋನ್ ಮಾಡಿ ಹಿಗ್ಗಿದ್ದೆ. ಮುಂದೆ ಕಟ್ಟಲಿರುವ ದೊಡ್ಡ ಯಂತ್ರಕ್ಕೂ ಇದೇ ವಿನ್ಯಾಸವನ್ನು ಒಪ್ಪಿಸುವುದಷ್ಟೇ ಬಾಕಿಯಿತ್ತು. ಅದನ್ನು ನೋಡಿ ತೀರ್ಮಾನಿಸಲು, ಹಣ ಮಂಜೂರು ಮಾಡುವ ಸಮಿತಿಯ ಅಧ್ಯಕ್ಷರು ಬರುವವರಿದ್ದರು.

ಅವರು ಬರುವ ದಿನ ಬೆಳಗ್ಗೆ ಹೋಗಿ ನೋಡಿದರೆ ನನ್ನ ಸಂದೇ ಕಾಣಲಿಲ್ಲ. ಎರಡೂ ಚೌಕಟ್ಟಿಗೆ ಅಡ್ಡಲಾಗಿ ಫಳಫಳ ಹೊಳೆಯುವ ದಪ್ಪ ಸ್ಟೀಲ್ ಹಲಗೆ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಮುಖ್ಯಸ್ಥರ ಹೆಸರು. ಬೋಲ್ಟ್ ಹಾಕಿ ಬಿಗಿಸಿಬಿಟ್ಟಿದ್ದರು. ಪರದೆಯಲ್ಲಿ ಸಾಸಿವೆ ಹೋಗಿ ನಡುಗುವ ಗೀರಾಗಿತ್ತು.

"ಸಾರ್, ಇದನ್ನ ಬಿಚ್ಚಿಸ್ರಿ. ಕುಟ್ಟೋದೆಲ್ಲ ಪೆಟ್ಟಿಗೆಗೆ ಹೋಗ್ತೈತೆ."

"ನಂಗೊತ್ತಿಲ್ವೇನಲೇ? ಫೋಟೋದಾಗೆ ಆ ಕಿಂಡಿ ಅಸಹ್ಯ ಕಾಣ್ತೈತೆ. ಅವರು ಹೋದ್ಮ್ಯಾಲೆ ಬಿಚ್ಚುವಂತೆ, ಸುಮ್ಕಿರು."

ಗೊತ್ತಿಲ್ಲದವನಾಗಿದ್ದರೆ ಸಹಿಸಬಹುದಿತ್ತು. ಗೊತ್ತಿದ್ದೂ ಮಾಡುವವನ ಮುಖ ನೋಡಲೂ ಹೇಸಿಗೆ.

ಅಧ್ಯಕ್ಷರು ಬಂದರು. ಮೊಳಕಾಲ್ಮುರು ರೇಷ್ಮೆಯ ಶಾಲು ಹೊದಿಸಿಕೊಂಡು, ಹಲಗೆಯ ಮೇಲೆ ಕೈಯೂರಿ ಫೋಟೋ ತೆಗೆಸಿಕೊಂಡರು. ಮುಖ್ಯಸ್ಥರು ಹಲ್ಲುಗಿಂಜುತ್ತ ಪರದೆ ತೋರಿಸಿದರು.

"ನೋಡ್ರಿ ಸಾರ್, ನೀವು ಬಂದ ಖುಷಿಗೆ ಅಯಾನು ಹೆಂಗೆ ಕುಣೀತೈತೆ!"

ಚಪ್ಪಾಳೆ ಬಿತ್ತು. ಅಲ್ಲಾಡಬಾರದ್ದು ಅಲ್ಲಾಡಿದ್ದಕ್ಕೆ ಚಪ್ಪಾಳೆ! ತಡೆಯಲಾರದೆ, "ಸಾರ್, ಅದು ಕುಣೀಬಾರ್ದ್ರಿ" ಎಂದೆ. ಮುಖ್ಯಸ್ಥರ ಬೆವರುಗೈ ನನ್ನ ಭುಜದ ಮೇಲೆ ಬಿದ್ದು ಒತ್ತಿತು. ಅಧ್ಯಕ್ಷರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಲಗೆಯನ್ನು ಮೆಚ್ಚುಗೆಯಿಂದ ತಟ್ಟಿದರು.

"ಎರಡನ್ನೂ ಸೇರ್ಸಿ ಬಿಗ್ದಿದೀರಿ, ಆದ್ರೂ ಇಷ್ಟು ಚೆಂದಾಗಿ ನಡೀತೈತಲ್ರಿ. ಮತ್ತೆ ದೊಡ್ಡ ಯಂತ್ರಕ್ಕೆ ಎರಡು ಚೌಕಟ್ಟು ಯಾಕೆ? ಒಂದೇ ಸಾಕಲ್ವಾ?"

ಸಾಲದು ಎನ್ನಲು ಒಂದು ಮಾತು ಬೇಕಿತ್ತು. ನಾನು ಮುಖ್ಯಸ್ಥರನ್ನೇ ನೋಡಿದೆ. ಅಧ್ಯಕ್ಷರ ಕೈಗುರುತು ಬಿದ್ದಿದ್ದ ತಮ್ಮ ಹೆಸರನ್ನು ಅವರು ಕರವಸ್ತ್ರದಿಂದ ಒರೆಸುತ್ತಿದ್ದರು.

"ಸಾಕ್ರಿ ಸಾರ್," ಎಂದರು. "ಒಂದೇ ಸಾಕು."